ಗೇಟುಗಂಬದ ಗುಂಡುಸೂಜಿ

ಬೆನ್ನ ಮೇಲೆ ಒಣಹುಲ್ಲಿನ ಹೊರೆ ಹೊತ್ತು ಕೊಟ್ಟಿಗೆಗೆ ಹೊರಟಿದ್ದ ಟೇಮರ್ ಐವ್‌ಸನ್ ಅರ್ಧ ದಾರಿಯಲ್ಲಿ ನಿಂತಳು. ಮೇಲೆ ಗುಡ್ಡದ ಸೊಂಟದಲ್ಲಿದ್ದ ಹೈ ಸ್ಕೇಲ್ ಮನೆಯ ಮಹಡಿ ಕಿಟಕಿಗೆ ಪರದೆ ಎಳೆದಿತ್ತು. ಬೆಳಕು ಹರಿದು ಎಷ್ಟೋ ಹೊತ್ತಾಗಿತ್ತು. ಆ ಮನೆಯವರು ಹೊತ್ತೇರುವವರೆಗೆ ಮಲಗುವ ಜನರಲ್ಲ. ಅವಳು ನೋಡುತ್ತಿದ್ದಂತೆಯೇ ಕೆಳಗಿನ ಕಿಟಕಿಯ ಪರದೆಯನ್ನೂ ಯಾರದೋ ಕೈ ಮುಚ್ಚಿತು. ಹಗಲಿನಲ್ಲಿ ಪರದೆ ಮುಚ್ಚುವುದು ಸಾವಾದ ಮನೆಯಲ್ಲಿ ಮಾತ್ರ. ಹಾಗಾದರೆ ಮುದುಕಿ ಡಾರ್ಕಸ್ ಕ್ಯಾಪ್‌ಸ್ಟಿಕ್ ತೀರಿಕೊಂಡಳು.

ಡಾರ್ಕಸ್ ಕ್ರಿಸ್‌ಮಸ್‌ನಿಂದ ಹಾಸಿಗೆ ಹಿಡಿದಿದ್ದಳು. ಕಣಿವೆಯ ಬೇರೆ ಯಾವ ಹೆಂಗಸಾಗಿದ್ದರೂ ಈ ಹೊತ್ತಿಗೆ ಹೊರೆ ಇಳಿಸಿ, ಕೈ ಒರೆಸಿಕೊಂಡು, ಒಂದು ಸಾಲು ಪ್ರಾರ್ಥನೆ ಹೇಳುತ್ತಿದ್ದಳು. ಟೇಮರ್ ಹೊರೆ ಇಳಿಸಲಿಲ್ಲ. ಅವಳ ಕಣ್ಣು ಆ ಮನೆಯಿಂದ ಕೆಳಗಿಳಿದು, ಕಲ್ಲುಗೋಡೆಯನ್ನು ದಾಟಿ, ತನ್ನ ಹುಲ್ಲುಗಾವಲಿನ ಮೇಲಿನ ಗೇಟಿನ ಹತ್ತಿರ ನಿಂತಿತು. ಅಲ್ಲಿಂದ ಹುಲ್ಲುಗಾವಲಿನ ಉದ್ದಕ್ಕೂ ಹರಿದು ಕೆಳಗಿನ ಗೇಟಿಗೆ ಬಂತು. ಕೆಳಗಿನ ಗೇಟಿನ ಆಚೆ ಚರ್ಚಿನ ರಸ್ತೆ. ಹೈ ಸ್ಕೇಲ್‌ನವರು ಆ ರಸ್ತೆಗೆ ಇಳಿಯುತ್ತಿದ್ದದ್ದು ಹುಲ್ಲುಗಾವಲನ್ನು ಸುತ್ತಿಬರುವ ಓಣಿಯಲ್ಲಿ.

ಕೊಟ್ಟಿಗೆಯಲ್ಲಿ ಎನಾಕ್ ಸಗಣಿ ಬಾಚುತ್ತಿದ್ದ. ಅವಳ ತೀರಿಹೋದ ಗಂಡನ ತಮ್ಮ, ಮದುವೆಯಾಗಿರಲಿಲ್ಲ, ಲೋ ಗಾರ್ತ್ ಎಂಬ ಈ ಮನೆ ಬಿಟ್ಟು ಬೇರೆ ಸೂರಿನ ಕೆಳಗೆ ಮಲಗಿದವನಲ್ಲ.

“ಮೇಲಿನ ಮನೆ ಮುದುಕಿ ಹೋದ್ಲು,” ಎಂದಳು ಟೇಮರ್.

“ಅಯ್ಯೋ ಪಾಪ.” ಎನಾಕ್ ಟೋಪಿ ತೆಗೆದ.

“ಪಾಪ ಆಮೇಲೆ ಅನ್ನು. ಹೆಣಾನ ಯಾವ ಕಡೆಯಿಂದ ಇಳಿಸ್ತಾರೆ ಹೇಳು.”

“ಇನ್ಯಾವ ಕಡೆ? ಓಣೀಲಿ.”

“ಓಣಿ ತುಂಬ ಮಂಜುಗಡ್ಡೆ ಕಟ್ಟಿದೆ ಅಂತ ಮೊನ್ನೆ ನೀನೇ ಹೇಳ್ದೆ. ಒಂಟಿ ಮನುಷ್ಯ ಗೋಡೆ ಹಿಡ್ಕೊಂಡು ಬರಬೇಕು ಅಂದೆ.”

ಎನಾಕ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. “ಹೌದಲ್ಲ ಅತ್ತಿಗೆ,” ಎಂದ. ಅವನಿಗೂ ಅರ್ಥವಾಗಿತ್ತು.

ಹೆಣ ಹೊತ್ತು ಒಮ್ಮೆ ಹಾಯ್ದ ನೆಲ ಅಂದಿನಿಂದ ಊರಿನ ದಾರಿಯಾಗುತ್ತದೆ ಎಂಬುದನ್ನು ಯಾರ್ಕ್‌ಶೈರ್‌ನ ಆ ಕಣಿವೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಡೆಯ ಯಾರೇ ಇರಲಿ, ಗೇಟಿಗೆ ಎಂಥ ಬೀಗವೇ ಇರಲಿ, ಸತ್ತವರು ಹೋದಲ್ಲಿ ಬದುಕಿದವರೂ ಹೋಗಬಹುದು. ನಡೆದೂ ಹೋಗಬಹುದು, ಗಾಡಿ ಹೊಡೆದುಕೊಂಡೂ ಹೋಗಬಹುದು. ಲಾಂಗ್ ಇಂಗ್ ಎಂದು ಕರೆಯುತ್ತಿದ್ದ ಆ ಹುಲ್ಲುಗಾವಲು ಟೇಮರಳಿಗಿದ್ದ ಒಂದೇ ಒಳ್ಳೆಯ ನೆಲ. ಉಳಿದದ್ದೆಲ್ಲ ಕುರಿ ಮಾತ್ರ ಮೇಯಬಲ್ಲ ಒರಟು ಗುಡ್ಡ. ಲಾಂಗ್ ಇಂಗ್‌ನ ಹುಲ್ಲಿನ ಮೇಲೆಯೇ ಅವಳ ಹಸುಗಳು ಚಳಿಗಾಲ ಕಳೆಯುತ್ತಿದ್ದವು.

ಸತ್ತವಳ ಮಗ ರೂಬೆನ್ ಕ್ಯಾಪ್‌ಸ್ಟಿಕ್‌ಗೆ ಮನೆಯ ಹಿಂದೆ ಚಪ್ಪಡಿ ಕಲ್ಲಿನ ಕ್ವಾರಿ ಇತ್ತು. ಕಲ್ಲು ತುಂಬಿದ ಗಾಡಿಗಳು ಓಣಿಯ ಕಡಿದಾದ ತಿರುವುಗಳಲ್ಲಿ ಅಚ್ಚು ಮುರಿದುಕೊಳ್ಳುತ್ತಿದ್ದವು. ಹುಲ್ಲುಗಾವಲಿನಲ್ಲಿ ದಾರಿ ಕೊಡು ಎಂದು ಅವನು ಒಮ್ಮೆ ಒಳ್ಳೆಯ ಮಾತಿನಲ್ಲಿ ಕೇಳಿದ್ದ, ಇನ್ನೊಮ್ಮೆ ಕೆಟ್ಟ ಮಾತಿನಲ್ಲಿ. ಎರಡು ಸಲವೂ ಟೇಮರ್ ಕದದ ಸಂದಿಯಿಂದಲೇ ಇಲ್ಲ ಎಂದಿದ್ದಳು. ಹೋದ ಶರತ್ಕಾಲ ಊರಿನ ಹೆಂಡದಂಗಡಿಯಲ್ಲಿ ರೂಬೆನ್, “ಕೇಳ್ದೇನೇ ದಾರಿ ಸಿಗೋ ದಿನ ಬಂದೇ ಬರುತ್ತೆ,” ಎಂದನಂತೆ. ಎನಾಕ್ ಆ ಮಾತನ್ನು ಮನೆಗೆ ಹೊತ್ತು ತಂದಿದ್ದ. ಆಗ ಅದರ ಅರ್ಥ ಇಬ್ಬರಿಗೂ ಹೊಳೆದಿರಲಿಲ್ಲ.

ಟೇಮರ್ ಐವ್‌ಸನ್ ಯಾರನ್ನೂ ನಂಬುವವಳಲ್ಲ ಎಂಬುದು ಕಣಿವೆಯಲ್ಲಿ ಹಳೆಯ ಮಾತು. ಅವಳಿಗೇ ಕೇಳುವಂತೆ ಆಡುತ್ತಿದ್ದರು. ಅವಳು ಅದನ್ನು ಬೈಗುಳವೆಂದು ತೆಗೆದುಕೊಂಡಿರಲಿಲ್ಲ. ಗುಡ್ಡದಾಚೆಯ ಕಣಿವೆಯಿಂದ ಮದುವೆಯಾಗಿ ಬಂದ ಹೊಸದರಲ್ಲೇ ಅವಳು ಅಂಗಡಿಯ ಸಕ್ಕರೆಯನ್ನು ಮನೆಗೆ ತಂದು ತನ್ನ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗುತ್ತಿದ್ದಳು. ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದ ಹುರಿಯ ಗಂಟನ್ನು ತಾನೊಬ್ಬಳೇ ಗುರುತಿಸುವಂತೆ ಬಿಗಿಯುತ್ತಿದ್ದಳು. ಕುದುರೆ ಒದ್ದು ಗಂಡ ಸತ್ತಾಗ, ಕುದುರೆ ಮಾರಿದವನನ್ನು ಕರೆಸಿ, ಅದರ ಹಲ್ಲು ತೆರೆದು ತೋರಿಸಿ, ವಯಸ್ಸು ಸುಳ್ಳು ಹೇಳಿದ್ದನ್ನು ಹೆಣದ ಮುಂದೆಯೇ ಒಪ್ಪಿಸಿದ್ದಳು. ಹೆಣ್ಣುಮಕ್ಕಳಿಬ್ಬರೂ ಡಾರ್ಲಿಂಗ್ಟನ್ ಕಡೆ ಮದುವೆಯಾಗಿ ಹೋಗಿದ್ದರು. ಅವರು ಕಳಿಸುವ ಕೇಕನ್ನೂ ಅವಳು ಮೊದಲು ಎನಾಕ್‌ಗೆ ಕೊಟ್ಟು, ಸ್ವಲ್ಪ ಹೊತ್ತು ನೋಡಿ, ಆಮೇಲೆ ತಿನ್ನುತ್ತಾಳೆ ಎಂದು ಜನ ನಗುತ್ತಿದ್ದರು. ಕೇಕಿನ ಮಾತು ನಿಜವಲ್ಲ. ಉಳಿದದ್ದೆಲ್ಲ ನಿಜ.

ಅವಳ ಹುಲ್ಲುಗಾವಲನ್ನು ಕಾಲುನಡಿಗೆಯಲ್ಲಿ ಹಾಯಲು ಕಣಿವೆಯಲ್ಲಿ ಒಬ್ಬಳಿಗೆ ಮಾತ್ರ ಅನುಮತಿ ಇತ್ತು: ಡಾರ್ಕಸ್ ಕ್ಯಾಪ್‌ಸ್ಟಿಕ್‌ಗೆ. ಹೆರಿಗೆಯಾದರೆ ಬರುತ್ತಿದ್ದವಳೂ ಅವಳೇ, ಯಾರಾದರೂ ಸತ್ತರೆ ಮೈ ತೊಳೆದು, ದವಡೆ ಕಟ್ಟಿ, ಕಣ್ಣಿಗೆ ನಾಣ್ಯವಿಟ್ಟು, ಎದೆಯ ಮೇಲೆ ಉಪ್ಪಿನ ತಟ್ಟೆ ಇಟ್ಟು ಮಲಗಿಸುತ್ತಿದ್ದವಳೂ ಅವಳೇ. ಅಂಥವಳಿಗೆ ಓಣಿ ಸುತ್ತಿ ಬಾ ಎನ್ನಲಾಗದು. ಟೇಮರಳ ಮೂರು ಹೆರಿಗೆಗೂ ಅವಳೇ ಬಂದಿದ್ದಳು. ಮೊದಲ ಮಗು ಉಳಿಯಲಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದವಳೂ ಅವಳೇ. ಟೇಮರಳ ಗಂಡನನ್ನು ಮಲಗಿಸಿದವಳೂ ಅವಳೇ.

ಆದರೆ ಸೂಜಿಗಳಿದ್ದವು.

ಮೊದಲ ಸೂಜಿ ಟೇಮರಳ ಕಣ್ಣಿಗೆ ಬಿದ್ದದ್ದು ಗಂಡ ಸತ್ತ ಮಾರನೆಯ ವಸಂತದಲ್ಲಿ. ಮೇಲಿನ ಗೇಟಿನ ಮರದ ಕಂಬಕ್ಕೆ ಒಂದು ಹಿತ್ತಾಳೆಯ ಗುಂಡುಸೂಜಿ ಚುಚ್ಚಿತ್ತು. ತಲೆಗೆ ಕಪ್ಪು ಅರಗಿನ ಚುಕ್ಕೆ. ಅಂಥ ಅರಗಿನ ತಲೆಯ ಸೂಜಿಗಳು ಡಾರ್ಕಸಳ ರವಿಕೆಯ ಎದೆಯಲ್ಲಿ ಸದಾ ಸಾಲಾಗಿರುತ್ತಿದ್ದವು. ಹೆಣದ ಬಟ್ಟೆಗೆ ಚುಚ್ಚುವಾಗ ಮುದಿ ಬೆರಳಿಗೆ ಹಿಡಿತ ಸಿಗಲೆಂದು ಅವಳೇ ಅರಗು ಹಾಕಿಕೊಂಡಿದ್ದಳು. ಅದೇ ತಿಂಗಳು ಟೇಮರಳ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಅವಳು ಯಾರಿಗೂ ಹೇಳದೆ ಸೂಜಿ ಕಿತ್ತು ಮನೆಗೆ ತಂದಳು. ಇನ್ನೊಂದು ವಾರಕ್ಕೆ ಕಂಬದಲ್ಲಿ ಮತ್ತೊಂದು ಸೂಜಿ. ಅದನ್ನೂ ಕಿತ್ತಳು. ಹೆಣಕ್ಕೆ ಚುಚ್ಚುವ ಸೂಜಿಯನ್ನು ಬದುಕಿದವರ ಗೇಟಿಗೆ ಚುಚ್ಚುವವಳು ಒಳ್ಳೆಯದಕ್ಕೆ ಚುಚ್ಚುತ್ತಾಳೆಯೆ? ಅವಳು ಸೂಜಿಗಳನ್ನೆಲ್ಲ ಸಾಸಿವೆಪುಡಿಯ ಖಾಲಿ ಡಬ್ಬಿಗೆ ಹಾಕಿ, ಜೊತೆಗೊಂದು ರೋವನ್ ಮರದ ಕಡ್ಡಿ ಇಟ್ಟಳು. ರೋವನ್ ಇದ್ದಲ್ಲಿ ಮಾಟ ನಡೆಯುವುದಿಲ್ಲ. ಡಬ್ಬಿಯನ್ನು ಅಡುಗೆಮನೆಯ ತೊಲೆಯ ಮೇಲೆ ಏರಿಸಿದಳು. ಅದಾದ ಮೇಲೂ ಡಾರ್ಕಸ್ ಬಂದಾಗ ಚಹಾ ಕೊಡುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು. ಅವಳು ಹೋದ ಮೇಲೆ ಗೇಟಿಗೆ ಹೋಗಿ ನೋಡಿಬರುತ್ತಿದ್ದಳು. ಹೀಗೆ ವರ್ಷಗಳು ಕಳೆದಿದ್ದವು.

ಪರದೆ ಮುಚ್ಚಿದ್ದನ್ನು ಕಂಡ ದಿನವೇ, ಹಸುಗಳ ಕೆಲಸ ಮುಗಿಸಿ, ಟೇಮರ್ ಓಣಿಯನ್ನು ನೋಡಲು ಹೋದಳು. ಎನಾಕ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಲಿನ ತಿರುವಿನಿಂದ ಕೆಳಗಿನ ತಿರುವಿನವರೆಗೆ ಓಣಿ ಗಾಜಿನಂತೆ ಹೊಳೆಯುತ್ತಿತ್ತು. ಗೋಡೆ ಹಿಡಿದು ಒಬ್ಬೊಬ್ಬರಾಗಿ ಏರಬಹುದು. ಶವಪೆಟ್ಟಿಗೆ ಹೊತ್ತು ಅಕ್ಕಪಕ್ಕ ಹೆಜ್ಜೆಯಿಡುವ ಜನ ಇಳಿಯುವಂತಿರಲಿಲ್ಲ. ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನೀರು ಎಲ್ಲಿಂದ ಬಂತು? ಓಣಿಯ ಮಗ್ಗುಲಲ್ಲಿ ಚರಂಡಿ ಇದೆ. ಬುಗ್ಗೆಯ ನೀರು ಯಾವ ಕಾಲದಿಂದಲೂ ಅದರಲ್ಲೇ ಹರಿದದ್ದು. ಅವಳು ಗೋಡೆ ಹಿಡಿದು ಏರುತ್ತಾ ಹೋದಳು. ಮೇಲಿನ ತಿರುವಿನಲ್ಲಿ ಚರಂಡಿಯ ಬಾಯಿಗೆ ಹುಲ್ಲುಬೇರಿನ ಒಂದು ಹೆಂಟೆ ಸಿಕ್ಕಿಕೊಂಡಿತ್ತು. ನೀರು ಅದಕ್ಕೆ ಬಡಿದು, ಓಣಿಗೆ ತಿರುಗಿ, ಹರಿದಲ್ಲೇ ಹೆಪ್ಪುಗಟ್ಟಿತ್ತು.

ಟೇಮರ್ ಕುಕ್ಕರಗಾಲಲ್ಲಿ ಕೂತು ಆ ಹೆಂಟೆಯನ್ನು ನೋಡಿದಳು. ಒಂದು ಮಗ್ಗುಲು ನೇರವಾಗಿತ್ತು, ಸಲಿಕೆಯಿಂದ ಕಡಿದ ಹಾಗೆ. ಇನ್ನೊಂದು ಮಗ್ಗುಲು ಹರಿದು ಬಂದಿತ್ತು, ಕುರಿಯ ಗೊರಸಿಗೆ ಸಿಕ್ಕಿ ದಂಡೆ ಕುಸಿದ ಹಾಗೆ. ಅವಳು ದಂಡೆಯನ್ನೂ ನೋಡಿದಳು. ದಂಡೆಯಲ್ಲಿ ಕುಸಿದ ಗುರುತೂ ಇತ್ತು, ಬೂಟಿನ ಗುರುತೂ ಇತ್ತು. ಬೂಟುಗಳು ಕಣಿವೆಯಲ್ಲಿ ಎಲ್ಲರ ಕಾಲಲ್ಲೂ ಇದ್ದವು. ಮಹಡಿಯಲ್ಲಿ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಗ ಮಗ ಇಲ್ಲಿ ಸಲಿಕೆ ಹಿಡಿದು ನಿಂತಿದ್ದನೆ? ಅವಳು ಹೆಂಟೆಯನ್ನು ಎಳೆದು ಪಕ್ಕಕ್ಕೆ ಹಾಕಿದಳು. ನೀರು ತನ್ನ ಹಳೆಯ ಜಾಗಕ್ಕೆ ತಿರುಗಿತು. ಹೆಪ್ಪುಗಟ್ಟಿದ್ದು ಮಾತ್ರ ಹಾಗೆಯೇ ಇತ್ತು; ಆ ಚಳಿಗೆ ಅದು ಕರಗುವ ಸೂಚನೆ ಇರಲಿಲ್ಲ.

ಮರುದಿನ ಕದದ ಮೇಲೆ ಕಬ್ಬಿಣದ ಸದ್ದಾಯಿತು. ಸಾವಿನ ಕರೆ ತರುವವನು ಬೆರಳ ಗೆಣ್ಣಿನಿಂದ ಕದ ತಟ್ಟುವುದಿಲ್ಲ, ಚರ್ಚಿನ ಕೀಲಿಕೈಯಿಂದ ತಟ್ಟುತ್ತಾನೆ. ಗುಂಡಿ ತೋಡುವ ಕಿಟ್ ಆಲ್ಡರ್‌ಸನ್ ಹೊಸ್ತಿಲಾಚೆ ನಿಂತಿದ್ದ. ಕರೆ ತಂದವನು ಒಳಗೆ ಬರುವಂತಿಲ್ಲ, ಬಾ ಎಂದು ಕರೆಯುವಂತೆಯೂ ಇಲ್ಲ.

“ಡಾರ್ಕಸ್ ಕ್ಯಾಪ್‌ಸ್ಟಿಕ್‌ನ ಶುಕ್ರವಾರ ಮಧ್ಯಾಹ್ನ ಎತ್ತೋದು. ಈ ಮನೆಯಿಂದ ಇಬ್ರು ಬರಬೇಕು.” ಕಿಟ್ ಇಷ್ಟನ್ನು ಚರ್ಚಿನ ದನಿಯಲ್ಲಿ ಹೇಳಿ, ಕೀಲಿಕೈಯನ್ನು ಜೇಬಿಗೆ ಹಾಕಿ, ತನ್ನ ದನಿಗೆ ಬಂದ. “ಇನ್ನೊಂದು ಮಾತಿದೆ ಟೇಮರ್.”

“ಗೊತ್ತು. ಓಣೀಲಿ ಮಂಜುಗಡ್ಡೆ. ಲಾಂಗ್ ಇಂಗ್ ಮೇಲೆ ಬರ್ತೀರಿ.”

“ಬರಬೇಕಾಗಿದೆ.”

“ರೂಬೆನ್ ಹೇಳಿಕಳ್ಸಿದ್ನಾ?”

“ರೂಬೆನ್ ಹೇಳ್ಲಿಲ್ಲ, ನನ್ನ ಮೊಣಕಾಲು ಹೇಳ್ತು. ಆ ಓಣೀಲಿ ಪೆಟ್ಟಿಗೆ ಹೊತ್ರೆ ಡಾರ್ಕಸ್ ನಮಗಿಂತ ಮೊದ್ಲೇ ಚರ್ಚು ಸೇರ್ತಾಳೆ.”

ಟೇಮರ್ ನಗಲಿಲ್ಲ. “ಹೆಣ ಹಾಯ್ದ್ರೆ ಆಮೇಲೆ ಅದು ದಾರಿ.”

“ಪಾದ್ರಿ ಹೇಳ್ತಾರೆ, ಅಂಥ ಕಾನೂನೇ ಎಲ್ಲೂ ಇಲ್ವಂತೆ.”

“ಪಾದ್ರಿ ಎಲ್ಲಿಯವ್ರು?”

“ದಕ್ಷಿಣದ ಕಡೆಯವ್ರು.”

“ಮತ್ತೆ? ನೀನು ನಂಬ್ತೀಯಾ ಅವ್ರು ಹೇಳೋದನ್ನ?”

ಕಿಟ್ ಗಡ್ಡ ಕೆರೆದುಕೊಂಡ. “ನನ್ನಜ್ಜ ನಂಬ್ತಿರ್ಲಿಲ್ಲ,” ಎಂದ ಕೊನೆಗೆ.

ಅಲ್ಲೇ ಇತ್ತು ತೊಡಕು. ಕಾನೂನು ಇದೆಯೋ ಇಲ್ಲವೋ, ಕಣಿವೆ ನಂಬಿತ್ತು. ಪೆಟ್ಟಿಗೆ ಹಾಯ್ದ ಮಾರನೆಯ ದಿನ ರೂಬೆನ್‌ನ ಕಲ್ಲಿನ ಗಾಡಿ ಅದೇ ಜಾಡಿನಲ್ಲಿ ಬಂದರೆ ತಪ್ಪೆನ್ನುವವರು ಒಬ್ಬರೂ ಇರುತ್ತಿರಲಿಲ್ಲ. ಗೇಟಿಗೆ ಬೀಗ ಹಾಕಿದರೆ ಎಂದು ಟೇಮರ್ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದ್ದಳು. “ಹಾಕು,” ಎಂದಿದ್ದ ಎನಾಕ್. “ಆಮೇಲೆ ನೀನು ಸತ್ತಾಗ ನಿನ್ನ ಹೊರೋಕೆ ನಾನೊಬ್ನೇ. ನನ್ನ ಸೊಂಟದ ವಿಷಯ ನಿಂಗೆ ಗೊತ್ತಲ್ಲ ಅತ್ತಿಗೆ.” ತಮಾಷೆಯಂತೆ ಹೇಳಿದ್ದರೂ ತಮಾಷೆಯಾಗಿರಲಿಲ್ಲ. ಹೆಣ ತಡೆದ ಮನೆಯ ಹೆಣಕ್ಕೆ ಆ ಕಣಿವೆಯಲ್ಲಿ ಯಾರೂ ಹೆಗಲು ಕೊಡುವುದಿಲ್ಲ.

“ಅಷ್ಟು ಚಿಂತೆ ಇದ್ರೆ ಸೂಜಿ ಕೇಳು,” ಎಂದ ಕಿಟ್, ಹೊರಡುತ್ತಾ.

“ಯಾವ ಸೂಜಿ?”

“ಹಾಯೋ ಸೂಜಿ. ಹಿಂದಿನವ್ರು ಕೇಳ್ತಿದ್ರಲ್ಲ. ಗೇಟಿಗೆ ಒಂದು ಗುಂಡುಸೂಜಿ ಚುಚ್ಚಿ ಹಾಯ್ದ್ರೆ, ಒಡೆಯನ ಹತ್ರ ಅಪ್ಪಣೆ ತಗೊಂಡು ಹೋದ ಹಾಗೆ. ಆವಾಗ ಅದು ದಾರಿ ಆಗಲ್ಲ.” ಅವಳ ಮುಖವನ್ನು ನೋಡಿ ಅವನಿಗೆ ಅಚ್ಚರಿಯಾಯಿತು. “ನಿಮ್ಮ ಕಣಿವೇಲಿ ಇಲ್ವಾ ಇದು? ಡಾರ್ಕಸ್ ಯಾವಾಗ್ಲೂ ಮಾಡ್ತಿದ್ಲಲ್ಲ. ನಿನ್ನ ಗೇಟು ಹಾಯ್ದಾಗಲೆಲ್ಲ ಒಂದು ಚುಚ್ತಿದ್ಲು. ‘ಯಜಮಾನ ಹೋದ ಮನೆ, ನನ್ನ ಹೆಜ್ಜೆ ಹಿಡ್ಕೊಂಡು ನಾಳೆ ಯಾರೂ ದಾರಿ ಅನ್ಬಾರ್ದು,’ ಅಂತಿದ್ಲು. ಕಂಬ ಮುಳ್ಳುಹಂದಿ ಥರ ಆಗಿರಬೇಕಲ್ಲ ಇಷ್ಟು ಹೊತ್ತಿಗೆ. ನೋಡಿಲ್ವಾ ನೀನು?”

“ನೋಡಿದೀನಿ,” ಎಂದಳು ಟೇಮರ್, ಮತ್ತು ಕದ ಹಾಕಿದಳು.

ಆ ಸಂಜೆ ಹಾಲು ಕರೆದಾದ ಮೇಲೆ ಅವಳು ಸ್ಟೂಲಿನ ಮೇಲೆ ನಿಂತು ತೊಲೆಯ ಮೇಲಿನ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದಳು. ಅರಗಿನ ತಲೆಯ ಸೂಜಿಗಳು, ಕೆಲವು ಹಸಿರು ಕಿಲುಬು ಹಿಡಿದವು, ಕೆಲವು ಇನ್ನೂ ಹೊಳಪಿನವು. ಎನಾಕ್ ಪೈಪು ಸೇದುತ್ತಾ ನೋಡಿದ.

“ಇಷ್ಟೊಂದಾ!” ಎಂದ. ಆಮೇಲೆ, “ಕಡ್ಡಿ ಯಾಕೆ?” ಎಂದ. ಆಮೇಲೆ ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡ.

ಟೇಮರ್ ಸೂಜಿಗಳನ್ನು ಡಬ್ಬಿಗೆ ತುಂಬಿದಳು. ರೋವನ್ ಕಡ್ಡಿಯನ್ನು ಒಲೆಗೆ ಹಾಕಲು ಕೈಗೆತ್ತಿಕೊಂಡಳು. ಕಿಟ್ ಹೇಳಿದ್ದು ನಿಜವಿರಬಹುದು. ಕಿಟ್‌ನಿಂದ ಯಾರೋ ಹೇಳಿಸಿದ್ದೂ ಇರಬಹುದು. ಡಾರ್ಕಸ್ ಇನ್ನೂ ಮಣ್ಣಿಗೆ ಹೋಗಿರಲಿಲ್ಲ. ಅವಳು ಕಡ್ಡಿಯನ್ನು ಮತ್ತೆ ಸೂಜಿಗಳ ಮಧ್ಯೆ ಇಟ್ಟು ಮುಚ್ಚಳ ಹಾಕಿದಳು.

ಶುಕ್ರವಾರ ಎನಾಕ್ ಒಬ್ಬನೇ ಹೈ ಸ್ಕೇಲ್‌ಗೆ ಹೋದ. ಟೇಮರ್ ಗಂಡ ಸತ್ತಾಗ ಹೊಲಿಸಿದ್ದ ಕಪ್ಪು ಉಡುಪು ತೊಟ್ಟು, ಏಪ್ರನ್ನಿನ ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು, ಮೇಲಿನ ಗೇಟಿನ ಹತ್ತಿರ ನಿಂತಳು. ಗೇಟು ಮುಚ್ಚಿತ್ತು, ಬೀಗ ಹಾಕಿರಲಿಲ್ಲ. ಮೇಲೆ ಮನೆಯ ಮುಂದೆ ಹಾಡು ಶುರುವಾಯಿತು; ಪೆಟ್ಟಿಗೆಯನ್ನು ಹೊಸ್ತಿಲಿನಿಂದ ಎತ್ತುವಾಗ ಹಾಡುವ ಹಾಡು. ಆಮೇಲೆ ಕಪ್ಪು ಸಾಲು ಗುಡ್ಡ ಇಳಿಯಿತು. ಮುಂದೆ ಕರಿ ಕೋಲು ಹಿಡಿದ ಕಿಟ್, ಅವನ ಹಿಂದೆ ಹೆಗಲ ಮೇಲೆ ಪೆಟ್ಟಿಗೆ, ಪಾದ ಮುಂದಾಗಿ. ಪೆಟ್ಟಿಗೆಯ ಹಿಂದೆ ರೂಬೆನ್ ಮತ್ತು ಅವನ ಹೆಂಡತಿ ಹೆಸ್ಟರ್. ಅವರ ಹಿಂದೆ ಕಣಿವೆ.

ಗೇಟಿನ ಮುಂದೆ ಸಾಲು ನಿಂತಿತು.

“ಗೇಟು, ಟೇಮರ್,” ಎಂದ ಕಿಟ್ ಮೆಲ್ಲಗೆ.

“ತೆಗೀತೀನಿ. ಮೊದ್ಲು ಸೂಜಿ.”

ರೂಬೆನ್ ಪೆಟ್ಟಿಗೆಯ ಪಕ್ಕದಿಂದ ಮುಂದೆ ಬಂದ. ದಪ್ಪ ಕುತ್ತಿಗೆಯ, ಕಲ್ಲಿನ ಧೂಳು ಉಗುರಿನಿಂದ ಎಂದೂ ಹೋಗದ ಮನುಷ್ಯ. ಕೋಟಿನ ಎಡ ತೋಳಿಗೆ ಕಪ್ಪು ಪಟ್ಟಿ ಸುತ್ತಿದ್ದ. “ಏನಂದೆ?”

“ಹಾಯೋದಕ್ಕೆ ಒಂದು ಗುಂಡುಸೂಜಿ. ಹಿಂದಿನಿಂದ ಬಂದ ಪದ್ಧತಿ.”

“ನನ್ನಮ್ಮ ಹೆಗಲ ಮೇಲಿದಾಳೆ. ನೀನು ಸುಂಕ ಕೇಳ್ತಿದೀಯ.”

“ಸುಂಕ ಕೇಳ್ಲಿಲ್ಲ. ಸೂಜಿ ಕೇಳ್ದೆ.”

“ಯಾವ ಸೂಜಿ? ಯಾರು ಕೊಟ್ಟಿದಾರೆ ಈ ಗೇಟಲ್ಲಿ ಸೂಜಿ? ಕಂಬದಲ್ಲಿ ಒಂದಾದ್ರೂ ಇದ್ರೆ ತೋರ್ಸು.”

ಅವನು ಕಂಬದ ಕಡೆ ನೋಡದೆಯೇ ಇದನ್ನು ಹೇಳಿದ. ಟೇಮರ್ ಅದನ್ನು ಗಮನಿಸಿದಳು. ಹಾಗಾದರೆ ಮೊದಲೇ ಬಂದು ನೋಡಿಹೋಗಿದ್ದಾನೆ. ಸಾಲಿನಲ್ಲಿದ್ದ ಉಳಿದವರೆಲ್ಲ ಈಗ ಕಂಬದ ಕಡೆ ನೋಡಿದರು. ಕಂಬದ ತುಂಬ ಸಣ್ಣ ತೂತುಗಳಿದ್ದವು, ಸೂಜಿ ಒಂದೂ ಇರಲಿಲ್ಲ.

“ಬೇಗ ಮಾತಾಡ್ಕೊಳ್ಳಿ,” ಎಂದ ಪೆಟ್ಟಿಗೆ ಹೊತ್ತವರಲ್ಲೊಬ್ಬ. “ಡಾರ್ಕಸ್ ಹಗುರಾನೇ. ಪೆಟ್ಟಿಗೆ ಓಕ್ ಮರದ್ದು.”

“ಕೆಳಗಿಡಂಗಿಲ್ಲ,” ಎಂದ ಕಿಟ್.

ಟೇಮರ್ ಜೇಬಿಗೆ ಕೈ ಹಾಕಿದಳು. ಡಬ್ಬಿ ತೆರೆದರೆ ಏನು ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತೆರೆಯದಿದ್ದರೆ ಏನು ಹೋಗುತ್ತದೆ ಎಂಬುದೂ ಗೊತ್ತಿತ್ತು. ಅವಳು ಮುಚ್ಚಳ ತೆಗೆದು ಡಬ್ಬಿಯನ್ನು ಮುಂದೆ ಚಾಚಿದಳು.

“ನಿಮ್ಮಮ್ಮನ ಸೂಜಿ. ಹಾಯ್ದಾಗಲೆಲ್ಲ ಕೊಟ್ಟಿದಾಳೆ. ನಾನು ಎತ್ತಿಟ್ಟಿದೀನಿ.”

ಕಿಟ್ ಬಗ್ಗಿ ನೋಡಿದ. ಹಿಂದಿನವರು ಕತ್ತು ಉದ್ದ ಮಾಡಿದರು. ಅರಗಿನ ತಲೆಗಳನ್ನು ಯಾರೂ ಗುರುತಿಸದೆ ಇರಲಿಲ್ಲ; ಅಲ್ಲಿದ್ದ ಎಲ್ಲರ ಮನೆಯ ಸತ್ತವರ ಮೈಮೇಲೂ ಆ ಸೂಜಿಗಳು ಹೋಗಿದ್ದವು. ರೋವನ್ ಕಡ್ಡಿಯನ್ನೂ ಯಾರೂ ಗುರುತಿಸದೆ ಇರಲಿಲ್ಲ. ಹೆಂಗಸೊಬ್ಬಳು ಉಸಿರು ಎಳೆದುಕೊಂಡಳು. ಎನಾಕ್ ತನ್ನ ಬೂಟುಗಳನ್ನು ನೋಡತೊಡಗಿದ.

ಹೆಸ್ಟರ್ ಡಬ್ಬಿಯೊಳಗೆ ನೋಡಿ, ಆಮೇಲೆ ಟೇಮರಳ ಮುಖ ನೋಡಿದಳು. “ಈ ಕಡ್ಡಿ ಯಾಕಿದೆ ಇದ್ರಲ್ಲಿ?”

ಟೇಮರ್ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ರೂಬೆನ್‌ನ ತೋಳಿನ ಮೇಲಿತ್ತು. ಕಪ್ಪು ಪಟ್ಟಿಯನ್ನು ಒಂದು ಗುಂಡುಸೂಜಿ ಹಿಡಿದಿತ್ತು. ಅದರ ತಲೆಗೂ ಕಪ್ಪು ಅರಗು.

“ಅದು ಎಲ್ಲಿಂದ ಬಂತು?” ಎಂದು ಕೇಳಿದಳು.

ಹೆಸ್ಟರ್ ತಿರುಗಿ ನೋಡಿದಳು. “ರೂಬೆನ್,” ಎಂದಳು ಆಮೇಲೆ. “ಅದು ಅತ್ತೆ ದಿಂಬಿಗೆ ಚುಚ್ಚಿಟ್ಟಿದ್ದು. ‘ಓಣಿ ಹೀಗೇ ಇದ್ರೆ ನನ್ನನ್ನ ಕೆಳಗಿನ ಹುಲ್ಲುಗಾವಲಲ್ಲಿ ತಗೊಂಡು ಹೋಗ್ತೀರಿ, ಇದು ಐವ್‌ಸನ್ ಗೇಟಿಗೆ’ ಅಂದಿದ್ರು ನಂಗೆ. ನಾನು ಎರಡು ದಿನದಿಂದ ಮನೆಯೆಲ್ಲ ಹುಡುಕ್ತಿದೀನಿ.”

“ನಂಗೇನು ಗೊತ್ತು? ದಿಂಬಲ್ಲಿತ್ತು. ಪಟ್ಟಿಗೆ ಬೇಕಿತ್ತು, ತಗೊಂಡೆ.”

“ಹುಡುಕ್ತಿದ್ದಾಗ ಅಲ್ಲೇ ಇದ್ಯಲ್ಲ ನೀನು.”

“ಸೂಜಿ ಹುಡುಕ್ತಿದೀಯ ಅಂತ ಹೇಳಿದ್ರೆ ತಾನೆ ಗೊತ್ತಾಗೋದು?”

“ಏನು ಹುಡುಕ್ತಿದೀಯ ಅಂತ ನೀನು ಕೇಳ್ಲೂ ಇಲ್ಲ.”

ಪೆಟ್ಟಿಗೆ ಹೊತ್ತವನು ನರಳಿದ. ರೂಬೆನ್ ಹೆಂಡತಿಯನ್ನು ನೋಡಿದ, ಕಿಟ್‌ನನ್ನು ನೋಡಿದ, ಹಿಂದೆ ನಿಂತಿದ್ದ ಜನರನ್ನು ನೋಡಿದ. ಯಾರೂ ಅವನಿಗೆ ಸಹಾಯ ಮಾಡಲಿಲ್ಲ. ಅವನು ತೋಳಿನ ಸೂಜಿ ಕಿತ್ತು, ಕಂಬಕ್ಕೆ ಹೆಬ್ಬೆರಳಿನಿಂದ ಒತ್ತಿ ಚುಚ್ಚಿದ. ಕಪ್ಪು ಪಟ್ಟಿ ಬಿಚ್ಚಿಕೊಂಡು ಮಣಿಕಟ್ಟಿಗೆ ಜಾರಿತು.

ಟೇಮರ್ ಮೊದಲು ಸೂಜಿಯನ್ನು ಮುಟ್ಟಿ ಅಲ್ಲಾಡಿಸಿ ನೋಡಿದಳು. ಆಮೇಲೆ ಗೇಟು ತೆಗೆದಳು.

ಸಾಲು ಲಾಂಗ್ ಇಂಗ್ ಹಾಯ್ದಿತು. ಅವಳು ಎಲ್ಲರ ಹಿಂದೆ, ಒಬ್ಬಳೇ ನಡೆದು, ಮೇಲಿನ ಗೇಟು ಹಾಕಿ, ಕೆಳಗಿನ ಗೇಟನ್ನೂ ಹಾಕಿದಳು. ಚರ್ಚಿನ ಅಂಗಳದಲ್ಲಿ ಮಣ್ಣು ಹೆಪ್ಪುಗಟ್ಟಿದ್ದರಿಂದ ಮೊದಲ ಹಿಡಿ ಪೆಟ್ಟಿಗೆಯ ಮೇಲೆ ಕಲ್ಲಿನಂತೆ ಸದ್ದು ಮಾಡಿತು. ಪಾದ್ರಿ ಬೇಗ ಮುಗಿಸಿದರು.

ವಾಪಸು ಹೈ ಸ್ಕೇಲ್‌ಗೆ ಊಟಕ್ಕೆ ಹೋಗುವಾಗ ಜನ ಓಣಿಯ ಗೋಡೆ ಹಿಡಿದು, ಜಾರುತ್ತಾ, ಬೈಯುತ್ತಾ ಏರಿದರು. ಹುಲ್ಲುಗಾವಲಿನಲ್ಲಿ ಹೋಗೋಣ ಎಂದು ಒಬ್ಬರೂ ಅನ್ನಲಿಲ್ಲ. ಟೇಮರ್ ಅದನ್ನೂ ಗಮನಿಸಿದಳು.

ಸಾವಿನ ಹೊತ್ತಿಗೆ ನಿಲ್ಲಿಸಿದ್ದ ಬೆಂಕಿಗೂಡಿನ ಮೇಲಿನ ಗಡಿಯಾರ ಇನ್ನೂ ನಿಂತೇ ಇತ್ತು, ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಉದ್ದ ಮೇಜಿನ ಮೇಲೆ ಬೇಯಿಸಿದ ಹ್ಯಾಮ್, ಮಸಾಲೆ ಹಾಕಿ ಕಾಯಿಸಿದ ಏಲ್ ಬಿಯರು, ಬಿಳಿ ಕಾಗದದಲ್ಲಿ ಸುತ್ತಿ ಕಪ್ಪು ಅರಗಿನಿಂದ ಅಂಟಿಸಿದ ಬಿಸ್ಕತ್ತು. ಹ್ಯಾಮ್‌ನ ಹೋಳುಗಳು ದಪ್ಪವಾಗಿಯೇ ಇದ್ದವು. ರೂಬೆನ್ ಆ ವಿಷಯದಲ್ಲಿ ಕೈ ಬಿಗಿಹಿಡಿದಿರಲಿಲ್ಲ. ಜನ ಡಾರ್ಕಸಳ ಬಗ್ಗೆ ಮಾತಾಡುತ್ತಿದ್ದರು. ಟೇಮರಳ ಒಂದು ಮಗ್ಗುಲಲ್ಲಿ ಎನಾಕ್ ಕೂತಿದ್ದ. ಇನ್ನೊಂದು ಮಗ್ಗುಲಿನ ಕುರ್ಚಿ ಖಾಲಿ ಉಳಿದಿತ್ತು, ಮನೆಯಲ್ಲಿ ನಿಂತು ತಿನ್ನುವವರು ಬೇಕಾದಷ್ಟಿದ್ದರೂ.

ಕೊನೆಗೆ ಚಹಾದ ಕೆಟಲ್ ಹಿಡಿದು ಹೆಸ್ಟರ್ ಬಂದು ಆ ಕುರ್ಚಿಯಲ್ಲಿ ಕೂತಳು.

“ಅತ್ತೆಗೆ ಗೊತ್ತಿತ್ತಾ?” ಎಂದು ಕೇಳಿದಳು.

“ಏನು?”

“ಸೂಜಿ ಕೀಳ್ತಿದೀಯ ಅಂತ.”

“ಗೊತ್ತಿದ್ದಿರಬೇಕು. ಕಂಬ ಖಾಲಿ ಇರ್ತಿತ್ತಲ್ಲ.”

“ಆದ್ರೂ ಚುಚ್ತಿದ್ರು.”

ಟೇಮರ್ ಚಹಾ ಕುಡಿದಳು. “ಆ ವರ್ಷ ನನ್ನ ಹಸು ಕಂದು ಹಾಕ್ತು,” ಎಂದಳು.

“ಆ ವರ್ಷ ನಮ್ಮವೂ ಹಾಕಿದ್ವು. ಕಣಿವೇಲೆಲ್ಲ ಹಾಕಿದ್ವು. ನೀನು ಯಾರನ್ನೂ ಕೇಳ್ಲಿಲ್ಲ.” ಹೆಸ್ಟರಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಅವಳು ಎದ್ದು ಇನ್ನೊಬ್ಬರ ಬಟ್ಟಲಿಗೆ ಚಹಾ ಸುರಿಯಲು ಹೋದಳು.

ಹೊರಡುವ ಹೊತ್ತಿಗೆ ರೂಬೆನ್ ಬಾಗಿಲ ಹತ್ತಿರ ನಿಂತು ಬಂದವರಿಗೆಲ್ಲ ಬಿಸ್ಕತ್ತಿನ ಪೊಟ್ಟಣ ಕೊಡುತ್ತಿದ್ದ. ಟೇಮರಳಿಗೂ ಒಂದು ಕೊಟ್ಟ. ಕೊಡುತ್ತಾ, “ಓಣಿ ಚರಂಡಿಯ ಹೆಂಟೆ ಕಿತ್ತಿದ್ದು ನೀನೇ ತಾನೆ?” ಎಂದ.

“ಅಲ್ಲಿ ಹೆಂಟೆ ಇತ್ತು ಅಂತ ನಿಂಗೆ ಹೇಗೆ ಗೊತ್ತು?”

“ಪಕ್ಕದಲ್ಲಿ ಬಿದ್ದಿತ್ತು. ಈಗ ಬರ್ತಾ ನೋಡ್ದೆ.”

ಅದೂ ಆಗಬಹುದಾದ ಮಾತೇ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ಮಗನ ದುಃಖ ಇತ್ತು, ಅದರ ಹಿಂದೆ ಬೇರೆ ಏನಾದರೂ ಇತ್ತೋ ಇಲ್ಲವೋ ಕಾಣಲಿಲ್ಲ. “ಒಳ್ಳೇ ಊಟ ಹಾಕ್ಸಿದೆ,” ಎಂದಳು. ಅದು ಕಣಿವೆಯಲ್ಲಿ ಸತ್ತವರ ಮನೆಯವರಿಗೆ ಹೇಳಲೇಬೇಕಾದ ಮಾತು.

ಓಣಿ ಇಳಿಯುವಾಗ ಎನಾಕ್ ತನ್ನ ಪೊಟ್ಟಣ ಒಡೆದು ಬಿಸ್ಕತ್ತು ತಿಂದ. “ನೀನೂ ತಿನ್ನು,” ಎಂದ. “ನಾನಿನ್ನೂ ಬದುಕಿದೀನಿ ನೋಡು.” ಟೇಮರ್ ಅವನ ಕಡೆ ನೋಡಲಿಲ್ಲ. ಆದರೆ ಪೊಟ್ಟಣದ ಅರಗು ಒಡೆದಳು.

ಮರುದಿನ ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕಿಯಾದ ಮೇಲೆ ಅವಳು ಸುತ್ತಿಗೆ ಮತ್ತು ಡಬ್ಬಿ ತೆಗೆದುಕೊಂಡು ಮೇಲಿನ ಗೇಟಿಗೆ ಹೋದಳು. ರೂಬೆನ್ ಚುಚ್ಚಿದ ಸೂಜಿ ಇದ್ದಲ್ಲೇ ಇತ್ತು. ಅರಗು ಸಿಡಿದು, ತಲೆ ಮರದೊಳಗೆ ಮುಳುಗಿ, ಉಗುರಿಗೂ ಸಿಗದಂತಾಗುವವರೆಗೆ ಅದನ್ನು ಬಡಿದಳು. ಆಮೇಲೆ ಡಬ್ಬಿಯಲ್ಲಿದ್ದ ಡಾರ್ಕಸಳ ಸೂಜಿಗಳನ್ನು ಒಂದೊಂದಾಗಿ ಹಳೆಯ ತೂತುಗಳಿಗೆ ಇಟ್ಟು ಬಡಿದಳು. ಬೆರಳು ಚಳಿಗೆ ಮರಗಟ್ಟಿದ್ದರಿಂದ ಆ ಕೆಲಸ ಬಹಳ ಹೊತ್ತು ಹಿಡಿಯಿತು. ಖಾಲಿ ಡಬ್ಬಿಯನ್ನು ಸಾಸಿವೆಪುಡಿಗೆ ಮತ್ತೆ ಬಳಸಿದಳು. ರೋವನ್ ಕಡ್ಡಿಯನ್ನು ಮಾತ್ರ ಮತ್ತೆ ತೊಲೆಯ ಮೇಲಿಟ್ಟಳು.

ಮಾರ್ಚ್ ಕೊನೆಯಲ್ಲಿ ಮಂಜುಗಡ್ಡೆ ಕರಗಿತು, ರೂಬೆನ್‌ನ ಕಲ್ಲಿನ ಗಾಡಿಗಳು ಓಣಿಯಲ್ಲೇ ಇಳಿದವು.